ಬೋರ್ಡಿನ ಮೇಲೆ ಉತ್ತರ ಬರೆಯುವಂತಿಲ್ಲ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅತ್ತಿಗುಪ್ಪೆಯ ನಮ್ಮ ಶಾಲೆಯಲ್ಲಿ ಯಾರನ್ನು ಕೇಳಿದರೂ ನನ್ನ ಬಗ್ಗೆ ಅದನ್ನೇ ಹೇಳುತ್ತಾರೆ. ಶಿವರಂಜನಿ ಅನ್ನುವ ಹೆಸರು ಸಂಬಳಕ್ಕೆ ಸಹಿ ಮಾಡುವಾಗ ಮಾತ್ರ. ಮಕ್ಕಳ ಬಾಯಲ್ಲಿ ನಾನು ಮೆಣಸಿನಕಾಯಿ ಮಿಸ್. ಹೈಸ್ಕೂಲಿಗೆ ಗಣಿತ ಹೇಳಿಕೊಡುತ್ತೇನೆ, ಹೆಸರಿಗೆ ತಕ್ಕ ಹಾಗೆ ಖಾರವಾಗಿಯೇ ಹೇಳಿಕೊಡುತ್ತೇನೆ.

ಕಳೆದ ವರ್ಷ ದಸರಾ ರಜೆ ಮುಗಿದು ಶಾಲೆ ಶುರುವಾದ ದಿನ ಹೆಡ್‌ಮಾಸ್ಟರ್ ಚನ್ನವೀರಪ್ಪ ಸಾರ್ ನನ್ನನ್ನು ಕರೆಸಿದರು. ಒಂಬತ್ತನೇ ತರಗತಿ ಬಿ ಸೆಕ್ಷನ್ನಿನ ಮಾರ್ಕ್ಸ್ ಪಟ್ಟಿ ಅವರ ಮುಂದಿತ್ತು. ಅದರಲ್ಲಿ ಮೂರು ಹೆಸರಿಗೆ ಕೆಂಪು ಸುತ್ತು ಹಾಕಿದ್ದರು. ಕಲಾವತಿ, ಜೀವನ್, ನಿಖಿತಾ.

"ಈ ಮೂವರನ್ನ ಹತ್ತಕ್ಕೆ ತಗೊಳ್ಳೋದು ಕಷ್ಟ ಮೇಡಂ," ಅಂದರು. "ಫೆಬ್ರವರೀಲಿ ಪೋಷಕರನ್ನ ಕರೆಸಿ ಹೇಳ್ಬಿಡೋಣ. ಟೀಸಿ ತಗೊಂಡು ಬೇರೆ ಕಡೆ ಸೇರಿಸ್ಲಿ."

ಇದು ನಮ್ಮಲ್ಲಿ ಹೊಸದಲ್ಲ. ಒಂಬತ್ತನೇ ತರಗತಿಯ ಕೊನೆಗೆ ದಡ್ಡರು ಎನಿಸಿಕೊಂಡವರ ಅಪ್ಪ ಅಮ್ಮನನ್ನು ಕರೆಸಿ, ಕಾಫಿ ಕೊಟ್ಟು, ಮೆತ್ತಗೆ ಟೀಸಿ ಕೈಗಿಡುತ್ತಾರೆ. ಹತ್ತನೇ ತರಗತಿಯ ಫಲಿತಾಂಶ ವರ್ಷವರ್ಷವೂ ನೂರಕ್ಕೆ ನೂರು ಬರುವುದು ಹೀಗೆ. ಗೇಟಿಗೆ ಕಟ್ಟುವ ಫ್ಲೆಕ್ಸಿನಲ್ಲಿ ಪಾಸಾದವರ ಫೋಟೋ ಇರುತ್ತದೆ, ಟೀಸಿ ತಗೊಂಡು ಹೋದವರದು ಇರುವುದಿಲ್ಲ.

"ಇನ್ನೂ ನಾಲ್ಕು ತಿಂಗಳಿದೆ ಸಾರ್," ಅಂದೆ.

"ನಾಲ್ಕು ತಿಂಗಳಲ್ಲಿ ಏನ್ ಮಾಡ್ತೀರ? ಪಾಸಿಂಗ್ ಪ್ಯಾಕೇಜ್ ಬಾಯಿಪಾಠ ಮಾಡಿಸಿದ್ರೂ ಆ ಕಲಾವತಿ ಮೂವತ್ತೈದು ದಾಟಲ್ಲ."

ಚನ್ನವೀರಪ್ಪ ಸಾರ್ ಕೆಟ್ಟವರಲ್ಲ. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹೆಡ್‌ಮಾಸ್ಟರ್ ಆಗುವ ಮೊದಲು ಅವರೂ ಗಣಿತದ ಮೇಷ್ಟ್ರೇ, ಅದೂ ಬಹಳ ಚುರುಕಾದ ಮೇಷ್ಟ್ರು. ಆ ಚುರುಕುತನವೇ ಅವರ ಕಷ್ಟ ಅನ್ನುವುದು ಆಗ ನನಗೆ ತಿಳಿದಿರಲಿಲ್ಲ.

ಆ ಸಂಜೆ ಗೇಟಿನ ಹತ್ತಿರ ಕಲಾವತಿಯ ಅವ್ವ ಕಸ್ತೂರೆವ್ವ ನಿಂತಿದ್ದಳು. ಕೊಪ್ಪಳದ ಕಡೆಯವರು. ನಾಯಂಡಹಳ್ಳಿಯ ಒಂದು ಗೋಡೌನಿನಲ್ಲಿ ಡಬ್ಬ ಪ್ಯಾಕ್ ಮಾಡುವ ಕೆಲಸ ಅವಳದು. ಮಾರ್ಕ್ಸ್ ವಿಷಯ ಮಗಳು ಹೇಳಿದ್ದಳಂತೆ.

"ಟೀಚರ, ಹೆಂಗರ ಮಾಡಿ ಇಕಿನ್ನ ಹತ್ತನೇತ್ತಾ ಮುಟ್ಟಸ್ರಿ," ಅಂದಳು. "ಇಲ್ಲಿಂದ ತಗದ್ರ ಇನ್ನೊಂದ್ ಸಾಲಿ ಹುಡಕಾಕ ಈ ಊರಾಗ ನಮಗ ಯಾರ್ ಗೊತ್ತದಾರ್ರಿ? ವಯಸ್ಸಿಗೆ ಬಂದ ಹುಡಿಗಿನ್ನ ಮನ್ಯಾಗ ಒಬ್ಬಾಕಿನ್ನ ಬಿಡಾಕ ಬರಂಗಿಲ್ಲ. ನನ್ನ ಕೂಡ ಗೋಡೌನಿಗೆ ಕರ್ಕೊಂಡ್ ಹೋಗೂದಾಗ್ತೈತಿ."

ಕಲಾವತಿ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಟೀಸಿ ಅಂದರೆ ಬೇರೆ ಶಾಲೆ ಅಲ್ಲ, ಗೋಡೌನು. ಅದು ಅವಳಿಗೂ ಗೊತ್ತಿತ್ತು. ಬಸವೇಶ್ವರನಗರದ ಮನೆಗೆ ಸ್ಕೂಟರಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ನಾನು ಹಲ್ಲು ಕಚ್ಚಿಕೊಂಡೇ ಇದ್ದೆ. ಈ ಹುಡುಗಿಯನ್ನು ಬಿಟ್ಟುಕೊಡುವುದಿಲ್ಲ ಎಂದು ಅವತ್ತೇ ನಿರ್ಧಾರ ಮಾಡಿದೆ.

ನಿರ್ಧಾರವೇನೋ ಸರಿ, ದಾರಿ ಬೇಕಲ್ಲ. ಆ ವಾರವೇ ನಾಗರಬಾವಿಯ ಒಂದು ಹಾಲ್‌ನಲ್ಲಿ ಶಿಕ್ಷಕರ ತರಬೇತಿ ಇತ್ತು. ಎಲ್ಲ ಮಕ್ಕಳಿಗೂ ಒಂದೇ ಥರ ಪಾಠ ಮಾಡಬಾರದು, ಒಬ್ಬೊಬ್ಬರ ಅಗತ್ಯ ಬೇರೆ ಬೇರೆ ಎಂದು ಒಬ್ಬರು ಬೆಳಿಗ್ಗೆಯಿಂದ ಸಂಜೆತನಕ ಹಾಲ್ ತುಂಬ ಕೂತಿದ್ದ ನಮಗೆಲ್ಲ ಒಂದೇ ಥರ ಪಾಠ ಮಾಡಿದರು. ಊಟ ಚೆನ್ನಾಗಿತ್ತು. ಮಕ್ಕಳನ್ನು ಗುಂಪು ಮಾಡಿ, ಗುಂಪಿಗೊಂದು ಚೆಂದದ ಹೆಸರಿಡಿ, ಆಗ ಯಾರಿಗೂ ಕೀಳರಿಮೆ ಬರುವುದಿಲ್ಲ ಅಂದರು.

ಮರುದಿನವೇ ಬಿ ಸೆಕ್ಷನ್ನನ್ನು ಕಾವೇರಿ, ಶರಾವತಿ, ಭದ್ರಾ ಎಂದು ಮೂರು ಗುಂಪು ಮಾಡಿದೆ. ಯಾವ ನದಿಯಲ್ಲಿ ಯಾರಿದ್ದಾರೆ ಅನ್ನುವುದರ ಅರ್ಥ ಕಂಡುಹಿಡಿಯಲು ಮಕ್ಕಳಿಗೆ ಊಟದ ಬೆಲ್ ಹೊಡೆಯುವಷ್ಟು ಹೊತ್ತೂ ಬೇಕಾಗಲಿಲ್ಲ. ಸಂಜೆ ಆಟದ ಮೈದಾನದಲ್ಲಿ ಕ್ಯಾಚ್ ಬಿಟ್ಟವನಿಗೆ ಒಬ್ಬ ಕೂಗಿದ್ದು ನನ್ನ ಕಿವಿಗೇ ಬಿತ್ತು: "ಲೋ ಭದ್ರಾ, ನೆಟ್ಟಗೆ ಹಿಡಿಯೋಕಾಗಲ್ವೇನೋ!" ಒಂದೇ ದಿನದಲ್ಲಿ ಪಾಪ ಒಂದು ನದಿಯ ಮಾನ ಕಳೆದಿದ್ದೆ. ಮಾರನೇ ದಿನ ಮೂರೂ ನದಿಗಳನ್ನು ಒರೆಸಿ ಹಾಕಿ ಮಕ್ಕಳನ್ನು ಅವರವರ ಜಾಗಕ್ಕೆ ಕಳಿಸಿದೆ.

ನನ್ನ ಕಣ್ಣು ತೆರೆಸಿದ್ದು ಒಂದು ರಬ್ಬರು.

ನಮ್ಮ ಕಡೆ ಲೆಕ್ಕದ ತರಗತಿಗೆ ಒಂದು ಪದ್ಧತಿ ಇದೆ. ಬೋರ್ಡ್ ಮೇಲೆ ಲೆಕ್ಕ ಬರೆದು, "ಮುಗಿಸಿದವರು ತಂದು ತೋರಿಸಿ" ಅನ್ನುತ್ತೇವೆ. ಮೊದಲು ತಂದವನ ಪುಸ್ತಕಕ್ಕೆ 'ಗುಡ್' ಬೀಳುತ್ತದೆ. ಆಮೇಲೆ ಒಬ್ಬೊಬ್ಬರಾಗಿ ಓಡಿ ಬಂದು ಟೇಬಲ್ ಮೇಲೆ ಪುಸ್ತಕ ಪೇರಿಸುತ್ತಾರೆ. ಅರ್ಧ ತರಗತಿ ಮುಗಿಸಿತು ಅನ್ನುವಾಗ, ಮೊದಲು ಮುಗಿಸಿದವನನ್ನೇ ಕರೆದು ಬೋರ್ಡ್ ಮೇಲೆ ಬರೆಸುತ್ತೇವೆ, ಉಳಿದವರು ನೋಡಿ ಬರೆದುಕೊಳ್ಳುತ್ತಾರೆ. ಎಲ್ಲರಿಗೂ ಉತ್ತರ ಸಿಕ್ಕಿತು, ಪೋರ್ಷನ್ ಮುಂದೆ ಹೋಯಿತು. ನನಗೆ ಕಲಿಸಿದವರು ಹಾಗೆ ಮಾಡಿದ್ದರು, ಚನ್ನವೀರಪ್ಪ ಸಾರ್ ಹಾಗೆ ಮಾಡಿದ್ದರು, ನಾನೂ ಹಾಗೆಯೇ ಮಾಡುತ್ತಿದ್ದೆ.

ಅವತ್ತು ಸಿದ್ಧಾರ್ಥ ಎಂದಿನಂತೆ ಮೊದಲು ಮುಗಿಸಿದ. ಆ ಹುಡುಗ ಲೆಕ್ಕ ಮಾಡುವುದಿಲ್ಲ, ನುಂಗುತ್ತಾನೆ. ಅವನು ಬೋರ್ಡಿನ ಹತ್ತಿರ ಹೋಗಿ ಬರೆಯತೊಡಗಿದಾಗ ನಾನು ಬೆಂಚುಗಳ ನಡುವೆ ಓಡಾಡುತ್ತಿದ್ದೆ. ಕಲಾವತಿ ರಬ್ಬರು ತೆಗೆದು ತಾನು ಬರೆದಿದ್ದನ್ನು ಅಳಿಸುತ್ತಿದ್ದಳು. ಬಗ್ಗಿ ನೋಡಿದೆ. ಅವಳು ಲೆಕ್ಕದ ಮುಕ್ಕಾಲು ಭಾಗ ಮಾಡಿದ್ದಳು, ಒಂದೇ ಒಂದು ತಪ್ಪಿರಲಿಲ್ಲ.

"ಯಾಕೆ ಅಳಿಸ್ತಿದೀಯ? ಸರಿಯಾಗಿದೆಯಲ್ಲ."

"ಬೋರ್ಡಿನ ಮ್ಯಾಲೆ ಬಂತಲ್ರಿ ಮಿಸ್," ಅಂದಳು. "ಇನ್ನ ಅದನ್ನ ಬರಕೋಬೇಕಲ್ರಿ."

"ದಿನಾ ಹೀಗೇ ಅಳಿಸ್ತೀಯಾ?"

"ಹೂಂರಿ. ನಂದು ಎಂದೂ ಮುಗಿಯಂಗಿಲ್ರಿ."

ಈ ಹುಡುಗಿ ಇಷ್ಟು ವರ್ಷ ಶಾಲೆಗೆ ಬಂದು ಒಂದಾದರೂ ಲೆಕ್ಕವನ್ನು ತಾನೇ ಕೊನೆ ಮುಟ್ಟಿಸಿಲ್ಲ. ಸರಿಯಾದ ದಾರಿಯಲ್ಲೇ ನಿಧಾನವಾಗಿ ನಡೆಯುತ್ತಿರುತ್ತಾಳೆ, ಊರು ಸಿಗುವ ಮೊದಲೇ ಯಾರೋ ಅವಳನ್ನು ಎತ್ತಿ ಬಸ್ಸಿಗೆ ಹಾಕುತ್ತಾರೆ. ಪರೀಕ್ಷೆಯಲ್ಲಿ ಬಸ್ಸು ಬರುವುದಿಲ್ಲ. ಅಲ್ಲಿ ಮುಕ್ಕಾಲು ದಾರಿಗೆ ಬಂದು ನಿಂತುಬಿಡುತ್ತಾಳೆ, ಏಕೆಂದರೆ ಅಲ್ಲಿಂದ ಮುಂದೆ ಅವಳು ಯಾವತ್ತೂ ಹೋಗಿಯೇ ಇಲ್ಲ. ನಾವು ಅದಕ್ಕೆ ದಡ್ಡತನ ಎಂದು ಹೆಸರಿಟ್ಟಿದ್ದೇವೆ.

"ಸಿದ್ಧಾರ್ಥ, ಡಸ್ಟರ್ ತಗೊಂಡು ಒರೆಸು," ಅಂದೆ.

"ಮಿಸ್, ಉತ್ತರ ಕರೆಕ್ಟಾಗಿದೆ!"

"ಕರೆಕ್ಟಾಗಿದೆ ಅಂತಾನೇ ಒರೆಸು ಅಂದಿದ್ದು."

ಅವತ್ತಿನಿಂದ ಬಿ ಸೆಕ್ಷನ್ನಿನಲ್ಲಿ ಹೊಸ ಕಾನೂನು ಬಂತು. ಬೋರ್ಡಿನ ಮೇಲೆ ಯಾರೂ ಉತ್ತರ ಬರೆಯುವಂತಿಲ್ಲ, ನಾನೂ ಬರೆಯುವಂತಿಲ್ಲ. ಪುಸ್ತಕ ಪೇರಿಸುವುದೂ ಇಲ್ಲ. ಎಲ್ಲರಿಗೂ ಅದೇ ಲೆಕ್ಕ, ಆದರೆ ಅವರವರ ದಾರಿ, ಅವರವರ ಹೊತ್ತು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಮೊದಲ ವಾರ ತರಗತಿ ಸಂತೆಯಾಯಿತು. ಬೇಗ ಮುಗಿಸಿದವರು ಕಾಗದದ ರಾಕೆಟ್ ಬಿಟ್ಟರು. ಆಗ ಅವರಿಗೆ ಬೇರೆ ಕೆಲಸ ಹುಡುಕಬೇಕಾಯಿತು. ಸಿದ್ಧಾರ್ಥನಿಗೆ ಅದೇ ಲೆಕ್ಕವನ್ನು ಇನ್ನೊಂದು ದಾರಿಯಲ್ಲಿ ಮಾಡು ಅಂದೆ. ಅದನ್ನೂ ನುಂಗಿದಾಗ, ನಾನೇ ತಡವರಿಸುವಂಥ ಲೆಕ್ಕ ಹುಡುಕಿಕೊಂಡು ಬಂದೆ. ನಿಖಿತಾಗೆ ಅಂಕಿಗಳಿಗಿಂತ ಮೊದಲು ಚಿತ್ರ ಬೇಕು. ನೀರಿನ ತೊಟ್ಟಿ ಅಂದರೆ ತೊಟ್ಟಿ, ಪಕ್ಕದಲ್ಲಿ ಬಕೆಟ್ಟು, ಬಕೆಟ್ಟಿನ ಮೇಲೆ ಕಾಗೆ; ಅಷ್ಟು ಬರೆದ ಮೇಲೆ ಅವಳ ತಲೆ ಓಡುತ್ತದೆ. ಕಾಗೆ ಬರೆದುಕೊಳ್ಳಲಿ ಎಂದು ಬಿಟ್ಟೆ. ಜೀವನ್‌ಗೆ ಬಾಯಿ ಮುಚ್ಚಿದರೆ ತಲೆಯೂ ಮುಚ್ಚಿಕೊಳ್ಳುತ್ತದೆ. ಅವನು ಲೆಕ್ಕವನ್ನು ಗೊಣಗಿಕೊಂಡು, ತನಗೆ ತಾನೇ ಬೈದುಕೊಂಡು ಮಾಡಬೇಕು. ಇಷ್ಟು ವರ್ಷ 'ಸೈಲೆನ್ಸ್' ಎಂದು ಕೂಗಿ ಕೂಗಿ ನಾವೇ ಅವನನ್ನು ಫೇಲ್ ಮಾಡಿದ್ದೆವು. ಅವನನ್ನು ಜಗಲಿಗೆ ಕಳಿಸಿ, ಗೋಡೆಗೆ ಪಾಠ ಮಾಡು ಹೋಗು ಅಂದೆ. ಗೋಡೆ ಏನು ಕಲಿಯಿತೋ ಗೊತ್ತಿಲ್ಲ, ಅವನು ಕಲಿತ.

ಕಲಾವತಿಗೆ ನಾನು ಮಾಡಿದ್ದು ಎರಡೇ. ಅವಳ ರಬ್ಬರು ಕಿತ್ತುಕೊಂಡೆ. ಆಮೇಲೆ ಸುಮ್ಮನೆ ಕಾದೆ. ನನ್ನಂಥವಳಿಗೆ ಕಾಯುವುದು ಏನು ಶಿಕ್ಷೆ ಅನ್ನುವುದು ನನಗೇ ಗೊತ್ತು. ಅವಳು ದೊಡ್ಡ ಸಂಖ್ಯೆಯನ್ನು ಹಾಗೇ ಮುಟ್ಟುವುದಿಲ್ಲ. ಕಾಳು ಬಿಡಿಸಿದ ಹಾಗೆ ಬಿಡಿಸುತ್ತಾಳೆ, ಎರಡು, ಮೂರು, ಏಳು ಎಂದು ಚಿಕ್ಕದು ಮಾಡಿ ಸಾಲಾಗಿ ಇಟ್ಟು, ಆಮೇಲೆ ಜೋಡಿ ಮಾಡುತ್ತಾಳೆ. ನೋಡುತ್ತಾ ನಿಂತರೆ ಕೈ ತುರಿಸುತ್ತದೆ. ನಾನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವುದು ರೂಢಿ ಮಾಡಿಕೊಂಡೆ.

ಒಂದು ಮಧ್ಯಾಹ್ನ ಅವಳು ಉತ್ತರ ಬರೆದು, ಅದರ ಕೆಳಗೆ ಸ್ಕೇಲ್ ಇಟ್ಟು ಎರಡು ಗೆರೆ ಎಳೆದಳು. ಉತ್ತರದ ಕೆಳಗೆ ಎರಡು ಗೆರೆ ಎಳೆಯುವುದು ನಮ್ಮ ಮಕ್ಕಳಿಗೆಲ್ಲ ಅಭ್ಯಾಸ. ಆದರೆ ತಾನೇ ಕಂಡುಹಿಡಿದ ಉತ್ತರಕ್ಕೆ ಅವಳು ಗೆರೆ ಎಳೆದದ್ದು ಅದೇ ಮೊದಲು. ಎಳೆದು ಅದನ್ನೇ ನೋಡುತ್ತಾ ಕೂತಳು. ನನಗೆ ಅಳು ಬಂತು, ಕಣ್ಣಿಗೆ ಸೀಮೆಸುಣ್ಣದ ಧೂಳು ಬಿತ್ತು ಎಂದು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಆದರೆ ಪೋರ್ಷನ್ ಹಿಂದೆ ಬಿತ್ತು. ಎ ಸೆಕ್ಷನ್ ಎರಡು ಅಧ್ಯಾಯ ಮುಂದಿತ್ತು. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ನಾನು ತರಗತಿ ತಗೊಂಡೆ. ಸ್ಟಾಫ್ ರೂಮಿನಲ್ಲಿ ಕೆಲವರು ಮೂಗು ಮುರಿದರು. ಸಿದ್ಧಾರ್ಥನ ಅಪ್ಪ ಉದಯಕುಮಾರ್ ನೇರವಾಗಿ ನನ್ನ ಹತ್ತಿರವೇ ಬಂದರು. ವಿಜಯನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಅವರದು.

"ಏನ್ ಮೇಡಂ ಇದು? ಹಿಂದೆ ಬಿದ್ದಿರೋ ಮಕ್ಕಳಿಗೋಸ್ಕರ ನನ್ನ ಮಗನ್ನ ಕಾಯಿಸ್ತೀರಂತೆ?"

"ಅವನು ಕಾಯ್ತಾ ಇಲ್ಲ ಸಾರ್. ಅವನಿಗೆ ಬೇರೆ ಲೆಕ್ಕ ಕೊಟ್ಟಿದೀನಿ."

"ಅದೇ ನಾನ್ ಹೇಳ್ತಿರೋದು. ಒಂದೇ ಲೆಕ್ಕ ಇಟ್ಕೊಂಡು ಕೂತಿದ್ದಾನೆ, ಕರೆದ್ರೆ ಊಟಕ್ಕೂ ಬರಲ್ಲ. ಮೊದಲೆಲ್ಲ ಹೋಮ್‌ವರ್ಕ್ ಕೂತ ಹಾಗೇ ಮುಗಿಸಿಬಿಡ್ತಿದ್ದ."

"ಹಾಗಾದ್ರೆ ಇಷ್ಟು ವರ್ಷ ಅವನಿಗೆ ಊಟ ಮರೆಸೋ ಅಂಥ ಲೆಕ್ಕಾನೇ ನಾವು ಕೊಟ್ಟಿರಲಿಲ್ಲ ಅಂತಾಯ್ತು," ಅಂದೆ. "ನಿಮ್ಮ ಮಗನಿಗೂ ಅನ್ಯಾಯವೇ ಆಗಿತ್ತು ಸಾರ್."

ಅವರಿಗೆ ಸಮಾಧಾನವಾಯಿತು ಎಂದು ಹೇಳಲಾರೆ. ಹೆಡ್‌ಮಾಸ್ಟರ್ ರೂಮಿಗೆ ಹೋಗಿಯೇ ಹೋದರು.

ಫೆಬ್ರವರಿ ಬಂತು. ಚನ್ನವೀರಪ್ಪ ಸಾರ್ ಕರೆಸಿ, ನಾಳೆ ಆ ಮೂವರ ಮನೆಯವರಿಗೆ ಫೋನ್ ಮಾಡಿಸುತ್ತೇನೆ ಅಂದರು.

"ಮಾಡಿಸಬೇಡಿ," ಅಂದೆ.

"ಮೇಡಂ, ನಿಮ್ಮ ತರಗತಿ ಪೋರ್ಷನ್ ನೋಡಿದ್ರೆ ನಾನು ನಿಮಗೇ ಮೆಮೊ ಕೊಡಬೇಕು. ಪರೀಕ್ಷೆ ಯಾರಿಗೂ ಕಾಯಲ್ಲ. ಬೆಲ್ ಹೊಡೀತು ಅಂದ್ರೆ ಪೇಪರ್ ಕಿತ್ಕೊಳ್ತಾರೆ. ನೀವು ಕಾಯೋದನ್ನ ಅಭ್ಯಾಸ ಮಾಡಿಸಿ ಆ ಹುಡುಗೀನ ಇನ್ನೂ ಕೆಡಿಸ್ತಿದೀರ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

"ಕೊನೆ ಮುಟ್ಟೋದು ಗೊತ್ತಿಲ್ಲದವರಿಗೆ ಬೇಗ ಮುಟ್ಟು ಅಂದ್ರೆ ಏನ್ ಸಾರ್ ಅರ್ಥ? ಮೊದಲು ಮುಟ್ಟಲಿ. ಆಮೇಲೆ ಬೇಗ ಮುಟ್ಟೋದು ಕಲೀತಾಳೆ. ದಸರಾದಲ್ಲಿ ಅವಳಿಗೆ ಒಂದು ಪೀರಿಯಡ್ ಸಾಲ್ತಿರಲಿಲ್ಲ, ಈಗ ಅರ್ಧ ಸಾಕು. ನೀವೇ ಬನ್ನಿ, ನಿಮಗೆ ಇಷ್ಟ ಬಂದ ಲೆಕ್ಕ ಕೊಡಿ. ಅವತ್ತು ನನ್ನ ಕಾನೂನು ಬದಿಗಿರಲಿ, ಕಲಾವತಿ ಬೋರ್ಡ್ ಮೇಲೆ ಮಾಡ್ಲಿ. ಮಾಡದಿದ್ರೆ ಅವರವ್ವಗೆ ನಾನೇ ಫೋನ್ ಮಾಡ್ತೀನಿ."

"ನಾಳೆ ಮಧ್ಯಾಹ್ನ ಬರ್ತೀನಿ," ಅಂದರು.

ಬಂದರು. ಮುಂದಿನ ಬೆಂಚಿನ ತುದಿಯಲ್ಲಿ ಕೂತು ಲೆಕ್ಕ ಹೇಳಿದರು. ನಾಲ್ಕು ಬದಿಯ ಒಂದು ಸೈಟು. ಬದಿಗಳ ಅಳತೆ ಹದಿಮೂರು, ಹದಿನಾಲ್ಕು, ಒಂಬತ್ತು, ಹನ್ನೆರಡು ಮೀಟರ್. ನಡುವೆ ಮೂಲೆಯಿಂದ ಮೂಲೆಗೆ ಹದಿನೈದು. ವಿಸ್ತೀರ್ಣ ಎಷ್ಟು? ಸೈಟನ್ನು ಎರಡು ತ್ರಿಭುಜ ಮಾಡಿಕೊಂಡು ಮಾಡಬೇಕಾದ ಲೆಕ್ಕ, ಉದ್ದದ್ದು. ಬೇಕೆಂದೇ ಆರಿಸಿದ್ದರು.

ಕಲಾವತಿ ಸೀಮೆಸುಣ್ಣ ಹಿಡಿದುಕೊಂಡಳು. ಚಿತ್ರ ಬರೆದಳು. ನಡುವೆ ಗೆರೆ ಎಳೆದಳು. ಮೊದಲ ತ್ರಿಭುಜಕ್ಕೆ ಸೂತ್ರ ಹಾಕಿ, ವರ್ಗಮೂಲಕ್ಕಾಗಿ ಸಂಖ್ಯೆಗಳನ್ನು ಬಿಡಿಸಲು ಶುರು ಮಾಡಿದಳು. ಎರಡು, ಎರಡು, ಎರಡು, ಎರಡು. ಮೂರು. ಮೂರು. ಏಳು. ಇನ್ನೊಂದು ಏಳು. ಸಾರ್ ಒಮ್ಮೆ ವಾಚು ನೋಡಿಕೊಂಡರು, ಒಮ್ಮೆ ಕಿಟಕಿ ನೋಡಿದರು. ಅವರ ಕಾಲು ಬೆಂಚಿನ ಕೆಳಗೆ ತಾಳ ಹಾಕುತ್ತಿತ್ತು. ಸಿದ್ಧಾರ್ಥನಿಗೆ ಉತ್ತರ ಯಾವಾಗಲೋ ಬಂದಿತ್ತು, ಅದು ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದ.

ಎಂಬತ್ತನಾಲ್ಕು ಬಂತು. ಕಲಾವತಿ ಎರಡನೇ ತ್ರಿಭುಜಕ್ಕೆ ಹೋದಳು. ಒಂಬತ್ತು, ಹನ್ನೆರಡು, ಹದಿನೈದು ಎಂದು ಬರೆದುಕೊಂಡು ಮತ್ತೆ ಮೊದಲಿನಿಂದ ಸೂತ್ರ ಹಾಕತೊಡಗಿದಳು. ಅಷ್ಟರಲ್ಲಿ ಬೆಲ್ ಹೊಡೆಯಿತು. ಮುಂದಿನದು ಆಟದ ಪೀರಿಯಡ್. ಅವಳು ಬೆಲ್ಲಿನ ಸದ್ದು ಬಂದ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನಾನು ಕೈಯನ್ನು ಬೆನ್ನ ಹಿಂದೆ ಇನ್ನೂ ಬಿಗಿಯಾಗಿ ಹಿಡಿದುಕೊಂಡೆ.

ಸಾರ್‌ಗೆ ತಡೆಯಲಾಗಲಿಲ್ಲ. ಎದ್ದು ಬೋರ್ಡಿನ ಹತ್ತಿರ ಹೋದರು.

"ಇದು ಲಂಬಕೋನ ತ್ರಿಭುಜ ಕಣಮ್ಮ, ಕಾಣ್ತಾ ಇಲ್ವಾ? ಸೂತ್ರಾನೇ ಬೇಡ. ಒಂಬತ್ತು, ಹನ್ನೆರಡು ಗುಣಿಸಿ ಅರ್ಧ ಮಾಡಿದ್ರೆ ಮುಗೀತು. ಕೊಡಿಲ್ಲಿ, ನಾನ್ ಬರೀತೀನಿ."

ಅವರು ಕೈ ಚಾಚಿದರು. ಅವರ ಮೇಲೆ ನನಗೆ ಆಗ ಕೋಪ ಬರಲಿಲ್ಲ. ಅವರು ಕೆಟ್ಟದ್ದೇನೂ ಮಾಡುತ್ತಿರಲಿಲ್ಲ. ಜೀವನವಿಡೀ ಒಳ್ಳೆಯ ಮೇಷ್ಟ್ರುಗಳು ಮಾಡಿಕೊಂಡು ಬಂದದ್ದನ್ನೇ ಮಾಡುತ್ತಿದ್ದರು. ಆದರೆ ಅವಳು ಈಗ ಸೀಮೆಸುಣ್ಣ ಕೊಟ್ಟುಬಿಟ್ಟರೆ ಎಲ್ಲ ಮುಗಿಯಿತು.

ಕಲಾವತಿ ಸೀಮೆಸುಣ್ಣವನ್ನು ಎದೆಗೆ ಒತ್ತಿ ಹಿಡಿದುಕೊಂಡಳು.

"ತಡೀರಿ ಸರ," ಅಂದಳು. "ನಂದಿನ್ನಾ ಮುಗದಿಲ್ಲ."

ಹೊರಗೆ ಮೈದಾನದಲ್ಲಿ ಎ ಸೆಕ್ಷನ್ನಿನವರು ಆಗಲೇ ಚೆಂಡು ಹೊಡೆಯುತ್ತಿದ್ದರು, ಆದರೂ ನಮ್ಮ ಮಕ್ಕಳಲ್ಲಿ ಒಬ್ಬರೂ ಏಳಲಿಲ್ಲ. ಸಾರ್ ಚಾಚಿದ ಕೈಯನ್ನು ನಿಧಾನವಾಗಿ ಕೆಳಗಿಳಿಸಿದರು. ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಅವಳಿಗೆ ಬೋರ್ಡ್ ಬಿಟ್ಟುಕೊಟ್ಟು ನಿಂತರು.

ಅವಳು ತನ್ನ ದಾರಿಯಲ್ಲೇ ಹೋದಳು. ಬಿಡಿಸಿದಳು, ಸಾಲಾಗಿ ಇಟ್ಟಳು, ಜೋಡಿ ಮಾಡಿದಳು. ಐವತ್ತನಾಲ್ಕು. ಸಾರ್ ಹೇಳಿದ ಅಡ್ಡದಾರಿಯಲ್ಲಿ ಹೋದರೂ ಅಷ್ಟೇ ಬರುವುದು. ಎರಡನ್ನೂ ಕೂಡಿದಳು, ನೂರ ಮೂವತ್ತೆಂಟು ಚದರ ಮೀಟರ್ ಎಂದು ಬರೆದಳು. ಸ್ಕೇಲ್ ಇರಲಿಲ್ಲ. ಬರಿಗೈಯಲ್ಲೇ ಅದರ ಕೆಳಗೆ ಎರಡು ಗೆರೆ ಎಳೆದಳು. ಗೆರೆ ಸೊಟ್ಟಗಿದ್ದವು.

ಸಾರ್ ಬೋರ್ಡನ್ನು ಮೇಲಿಂದ ಕೆಳಗೆ ಓದಿದರು, ಮತ್ತೊಮ್ಮೆ ಓದಿದರು. ತಪ್ಪು ಹುಡುಕುತ್ತಿದ್ದಾರೆ ಅಂದುಕೊಂಡೆ. ಅವರು ಕಲಾವತಿಯ ಕಡೆ ತಿರುಗಿ, "ನಿಮ್ಮವ್ವಂಗೆ ಫೋನ್ ಮಾಡಲ್ಲ. ಜೂನ್‌ನಲ್ಲಿ ಹತ್ತನೇ ಕ್ಲಾಸಲ್ಲಿ ಬಂದು ಕೂತ್ಕೋ," ಅಂದರು. ಹುಡುಗಿ ತಲೆಯಾಡಿಸಿದಳು, ಜಾಗಕ್ಕೆ ಹೋಗಿ ಕೂತು ಡೆಸ್ಕಿನ ಮೇಲೆ ಮುಖವಿಟ್ಟಳು. ಪಕ್ಕದಲ್ಲಿದ್ದ ನಿಖಿತಾ ಅವಳ ಬೆನ್ನ ಮೇಲೆ ಕೈಯಿಟ್ಟಳು.

ಸಾರ್ ಬಾಗಿಲ ತನಕ ಹೋಗಿ ನಿಂತರು. "ಇನ್ನಿಬ್ಬರ ಮನೆಗೆ ಮಾತ್ರ ಫೋನ್ ಮಾಡಿಸ್ತೀನಿ ಮೇಡಂ," ಎಂದು ನನಗಷ್ಟೇ ಕೇಳುವ ಹಾಗೆ ಹೇಳಿದರು. ಸೋತವರ ದನಿ ಅಲ್ಲ ಅದು, ಒಪ್ಪಂದ ಮಾಡಿಕೊಳ್ಳುವವರ ದನಿ. ಒಬ್ಬಳನ್ನು ಉಳಿಸಿಕೊಂಡಿರಲ್ಲ, ಅಷ್ಟು ಸಾಕಲ್ಲ ಅನ್ನುವ ಹಾಗಿತ್ತು.

"ತಡೀರಿ ಸಾರ್," ಅಂದೆ. "ಅವರದೂ ಇನ್ನೂ ಮುಗಿದಿಲ್ಲ."

ಅವರು ನನ್ನನ್ನು ನೋಡಿದರು. ಆಮೇಲೆ ಬೋರ್ಡಿನ ಮೇಲಿನ ಸೊಟ್ಟ ಗೆರೆಗಳನ್ನು ನೋಡಿದರು. ವಾಪಸ್ ಬಂದು ಅದೇ ಬೆಂಚಿನ ತುದಿಯಲ್ಲಿ ಕೂತರು. ಕೈಯಲ್ಲಿದ್ದ ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡರು.

ನಾನು ಡಸ್ಟರ್ ತಗೊಂಡು ಬೋರ್ಡ್ ಒರೆಸಿದೆ.

"ಜೀವನ್, ಬಾ," ಅಂದೆ. "ಜೋರಾಗಿ ಮಾತಾಡ್ಕೊಂಡೇ ಮಾಡು. ಸಾರ್ ಏನೂ ಅನ್ನಲ್ಲ."